ಮಾಡು ಇಲ್ಲದ ಅಡಿಗೆಮನೆ

ತಂಗಿ ಮಡಂತ್ಯಾರಿನಿಂದ ಸ್ವಲ್ಪ ಒಳಗೆ ಮನೆ ಕಟ್ಟಿಸಲು ಹೊರಟಿದ್ದಾಳೆ. ಮೊನ್ನೆ ನಕ್ಷೆ ತಂದು ನಮ್ಮ ಜಗಲಿಯ ಮೇಲೆ ಹಾಸಿದಳು. ಗಾಳಿಗೆ ಹಾರದಂತೆ ಒಂದು ಮೂಲೆಗೆ ತೆಂಗಿನಕಾಯಿ ಇಟ್ಟಳು, ಇನ್ನೊಂದು ಮೂಲೆಗೆ ಎಲೆಯಡಿಕೆ ತಟ್ಟೆ. ದೇವರ ಕೋಣೆ, ಮಲಗುವ ಕೋಣೆಗಳೆಲ್ಲ ಮುಗಿದ ಮೇಲೆ ಹಿಂಬದಿಯಲ್ಲಿ ಚುಕ್ಕೆಗೆರೆಯೊಳಗೆ ಎರಡು ಜಾಗ ಉಳಿದಿದ್ದವು. ಒಂದರಲ್ಲಿ ‘ಔಟ್‌ಡೋರ್ ಕಿಚನ್’ ಎಂದೂ ಇನ್ನೊಂದರಲ್ಲಿ ‘ಮೆಡಿಟರೇನಿಯನ್ ಟೆರೇಸ್’ ಎಂದೂ ಬರೆದಿತ್ತು. ಮೊಬೈಲಿನಲ್ಲಿ ಗ್ರೀಸ್, ಇಟಲಿ, ಸ್ಪೇನಿನ ಹಳ್ಳಿಮನೆಗಳ ಚಿತ್ರ ತೋರಿಸಿದಳು. ಸುಣ್ಣ ಬಳಿದ ಗೋಡೆ, ದ್ರಾಕ್ಷಿ ಬಳ್ಳಿಯ ಚಪ್ಪರ, ಅದರಡಿ ಉದ್ದದ ಮೇಜು, ಮೂಲೆಯಲ್ಲಿ ಗುಮ್ಮಟದಂಥ ಮಣ್ಣಿನ ಒಲೆ. “ಇದೆಲ್ಲ ನಮ್ಮಲ್ಲಿ ಆಗ್ತದಾ?” ಎಂದು ಕೇಳಿದಳು.

ನನಗೆ ತಕ್ಷಣ ಉತ್ತರ ಬರಲಿಲ್ಲ. ಜಗಲಿಯ ಕೆಳಗೆ ಅಂಗಳದ ತುಂಬ ಅಡಿಕೆ ಹರಡಿತ್ತು. ತುಳಸಿಕಟ್ಟೆಯ ಬದಿಗೆ ಚಾಪೆಯಲ್ಲಿ ಸಂಡಿಗೆ ಒಣಗುತ್ತಿತ್ತು, ಅದರ ಪಕ್ಕದಲ್ಲಿ ಹೋಳು ಮಾಡಿದ ತೆಂಗಿನಕಾಯಿ ಕೊಬ್ಬರಿಯಾಗುತ್ತಿತ್ತು. ಬಚ್ಚಲ ಕೊಟ್ಟಿಗೆಯಿಂದ ತೆಂಗಿನ ಸಿಪ್ಪೆಯ ಹೊಗೆ ಎದ್ದು ಮಾವಿನ ಮರದೊಳಗೆ ಹೋಗುತ್ತಿತ್ತು. ಹುಟ್ಟಿದಂದಿನಿಂದ ತುಳಿದಾಡಿದ ಜಾಗ ಅದು. ಅಲ್ಲಿ ಒಂದು ಅಡಿಗೆ ನಡೆಯುತ್ತಿದೆ ಎಂಬುದು ನನಗೆ ಕಂಡದ್ದು ಮಾತ್ರ ಆ ಹೊತ್ತಿನಲ್ಲಿ. ಉರಿಯಿಲ್ಲ, ಪಾತ್ರೆಯಿಲ್ಲ, ಬಡಿಸುವವರಿಲ್ಲ. ಆದರೂ ನಲವತ್ತು ದಿನ ನಿಧಾನವಾಗಿ ಬೇಯುತ್ತಿರುವ ಒಂದು ಅಡಿಗೆ. ಅಂದು ಹಿಡಿದ ಬೆರಗು ಇನ್ನೂ ಬಿಟ್ಟಿಲ್ಲ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಮನೆಯಲ್ಲಿ ವರ್ಷಕ್ಕೆ ಬೇಕಾದ್ದು ಅರ್ಧಕ್ಕರ್ಧ ಸಿದ್ಧವಾಗುವುದು ಒಳಗಿನ ಒಲೆಯಲ್ಲಿ ಅಲ್ಲ. ಹಲಸಿನ ಹಪ್ಪಳ, ಮಾಂಬಳ, ಸಾಂತಾಣಿ, ಪುನರ್ಪುಳಿ ಸಿಪ್ಪೆ, ಮಜ್ಜಿಗೆ ಮೆಣಸು, ಕೊಬ್ಬರಿ, ಕಾಳುಮೆಣಸು, ಬಾಳಕ ಎಲ್ಲಕ್ಕೂ ಸೂರ್ಯನೇ ಅಡಿಗೆ ಭಟ್ಟ. ಅವನ ಕೆಲಸದ ದಿನಗಳು ಗೊತ್ತಿರಬೇಕು, ಅಷ್ಟೆ. ಚಾಲಿ ಅಡಿಕೆಗೆ ಸುಮಾರು 40 ದಿನದ ಬಿಸಿಲು ಬೇಕು. ಹಪ್ಪಳಕ್ಕೆ ಎರಡು ಬಿಸಿಲು ಸಾಕು. ‘ಎಷ್ಟು ಬಿಸಿಲು ಆಯ್ತು?’ ಎಂದೇ ನಮ್ಮಲ್ಲಿ ಕೇಳುವುದು. ದಿನವನ್ನು ಬಿಸಿಲಿನಲ್ಲಿ ಎಣಿಸುವ ಈ ಲೆಕ್ಕ ಎಷ್ಟು ಹಳೆಯದೋ. ಮೋಡ ಬಂದ ದಿನ ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಅಂದು ಕ್ಯಾಲೆಂಡರಿನಲ್ಲಿ ತಾರೀಕು ಬದಲಾಗಿರುತ್ತದೆ, ಅಂಗಳದಲ್ಲಿ ಮಾತ್ರ ನಿನ್ನೆಯೇ ಉಳಿದಿರುತ್ತದೆ.

ಬೆಂಕಿಯೂ ಬಿಸಿಲೂ ಕೈಸೇರಿಸುತ್ತಿದ್ದದ್ದು ಕುಚ್ಚಲಕ್ಕಿಗೆ ಭತ್ತ ಬೇಯಿಸುವ ದಿನ. ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದಿರುತ್ತಿದ್ದರು. ಅಂಗಳದ ಅಂಚಿನಲ್ಲಿ ಮೂರು ಮುರಕಲ್ಲು, ಮೇಲೆ ತಾಮ್ರದ ಹಂಡೆ, ಒಳಗೆ ಹಿಂದಿನ ದಿನವೇ ನೆನೆಹಾಕಿದ ಭತ್ತ. ಒಣ ಮಡಲು ಚಟಚಟ ಉರಿಯುತ್ತ ಅವರ ಮುಖದ ಒಂದು ಬದಿಯನ್ನಷ್ಟೇ ಬೆಳಗುತ್ತಿತ್ತು. ಹಬೆ ಎದ್ದಾಗ ಬರುತ್ತಿದ್ದ ಪರಿಮಳಕ್ಕೆ ನನಗೆ ಇನ್ನೂ ಹೆಸರು ಸಿಕ್ಕಿಲ್ಲ. ಒದ್ದೆ ಹುಲ್ಲಿನದೂ ಹೌದು, ಗಂಜಿಯದೂ ಹೌದು. ಅಜ್ಜಿ ಸೌಟಿನಲ್ಲಿ ನಾಲ್ಕು ಕಾಳು ತೆಗೆದು ಬೆಂಕಿಯ ಬೆಳಕಿಗೆ ಹಿಡಿಯುವರು. ಸಿಪ್ಪೆ ಬಾಯಿ ಬಿಟ್ಟಿದ್ದರೆ ಉರಿ ಎಳೆದುಬಿಡುವರು. ಬುಟ್ಟಿಯಲ್ಲಿ ಬಸಿದು ಅಂಗಳಕ್ಕೆ ಸುರಿಯುವಾಗ ಘಟ್ಟದ ಹಿಂದಿನಿಂದ ಬೆಳಕು ಹರಿಯುತ್ತಿರುತ್ತಿತ್ತು. ಬೆಂಕಿ ಬಿಟ್ಟಲ್ಲಿಂದ ಬಿಸಿಲು ಎತ್ತಿಕೊಳ್ಳಬೇಕು. ನಡುವೆ ಹೊತ್ತು ಹಾಳಾಗಬಾರದು. ಆ ಕತ್ತಲಲ್ಲಿ ಏಳುತ್ತಿದ್ದುದರ ಗುಟ್ಟು ಇದು.

ಆಮೇಲೆ ಅವರು ಭತ್ತದೊಳಗೆ ನಡೆಯುತ್ತಿದ್ದರು. ಕಾಲೆತ್ತದೆ, ಪಾದವನ್ನು ನೆಲಕ್ಕೆ ಒತ್ತಿ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗುವುದು, ತಿರುಗಿ ಬರುವುದು. ಹಿಂದೆ ನೇಗಿಲ ಸಾಲಿನಂತೆ ಗೆರೆ ಬೀಳುತ್ತಿತ್ತು. ಅಡಿಯ ಕಾಳು ಮೇಲೆ ಬರುತ್ತಿತ್ತು. ನಾವು ಮಕ್ಕಳು ಹಾಗೆ ಮಾಡಹೋದರೆ ಸಾಲು ಹಾವಿನಂತೆ ಸೊಟ್ಟ. ಹೀಗೆ ಬೇಯಿಸಿ ಒಣಗಿಸುವಾಗ ತೌಡಿನ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ, ಅಕ್ಕಿ ಗಟ್ಟಿಯಾಗಿ ಮಿಲ್ಲಿನಲ್ಲಿ ನುಚ್ಚಾಗುವುದು ಕಡಿಮೆ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಅದನ್ನು ಹೇಳೋಣವೆಂದರೆ ಅಜ್ಜಿ ಇರಲಿಲ್ಲ. ಹೇಳಿದ್ದರೂ ಅವರಿಗೆ ಅದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲವೇನೋ. ಅವರ ಪಾದಕ್ಕೆ ಕಾಳಿನ ಒಳಗೆಷ್ಟು ಪಸೆ ಉಳಿದಿದೆ ಎಂದು ತಿಳಿಯುತ್ತಿತ್ತು.

ಇಷ್ಟೆಲ್ಲ ನಡೆಯುವ ಅಂಗಳ ಎಲ್ಲ ಕಾಲದಲ್ಲೂ ಇರುವುದಿಲ್ಲ. ಇದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಹೆಚ್ಚುಪಾಲು ನಾಲ್ಕೇ ತಿಂಗಳಲ್ಲಿ. ಬೇಸಿಗೆಯ ಕೊನೆಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಅಂಗಳವೂ ತನ್ನ ಕೆಲಸ ಬಿಚ್ಚಿಡುತ್ತದೆ. ಕಾರ್ತೆಲ್ ತಿಂಗಳಲ್ಲಿ ಕೆಸರು, ಆಟಿ ತಿಂಗಳಲ್ಲಿ ಪಾಚಿ. ಮಾಡಿನ ನೀರು ಬಿದ್ದಲ್ಲೆಲ್ಲ ಸಾಲು ಕುಳಿ. ಮನೆಯಿಂದ ಹಟ್ಟಿಗೆ ಹೋಗಲು ಹಾಕಿದ ಕಲ್ಲುಗಳಷ್ಟೇ ದಾರಿ. ಆ ದಿನಗಳಲ್ಲಿ ಅಂಗಳಕ್ಕೆ ಇಳಿಯುತ್ತಿದ್ದವನು ಆಟಿ ಕಳಂಜನೊಬ್ಬನೇ. ತಾಳೆಗರಿಯ ಕೊಡೆ ತಿರುಗಿಸುತ್ತ, ತೆಂಬರೆಯ ಸದ್ದಿಗೆ ಕುಣಿಯುತ್ತ ಬಂದು ಊರ ಮಾರಿ ಓಡಿಸಿ, ಅಕ್ಕಿ, ಉಪ್ಪು, ಹುಳಿ, ಮೆಣಸು ಪಡೆದು ಹೋಗುತ್ತಿದ್ದ. ಅಡಿಗೆಗೆ ಬೇಕಾದ ಸಾಮಾನನ್ನೇ ಅವನಿಗೆ ಅಂಗಳದಲ್ಲಿ ಕೊಡುವುದು ಎಂಬುದನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ಅಡಿಗೆಮನೆ ಮಳೆಯಲ್ಲಿ ಮುಳುಗಿದ ತಿಂಗಳಲ್ಲೂ ಅದರ ಋಣ ತಪ್ಪಲಿಲ್ಲ.

ಮಳೆ ಹಿಂದೆಗೆದ ಮೇಲೆ ಅಂಗಳವನ್ನು ಮತ್ತೆ ಹುಟ್ಟಿಸಬೇಕು. ಹಾರೆಯಲ್ಲಿ ಪಾಚಿ ಕೆತ್ತಿ, ಗುಡ್ಡೆಯ ಮಣ್ಣು ತಂದು ಹಾಕಿ, ನೀರು ಹನಿಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹಿಡಿಯಿರುವ ಹಲಗೆಯಿಂದ ಬಡಿಯುತ್ತಿದ್ದರು. ಮನೆಮನೆಯಿಂದ ಆ ಪಟ್ ಪಟ್ ಸದ್ದು ಕೇಳುವಾಗ ಚಳಿಗಾಲ ಬಂತೆಂದು ಗೊತ್ತಾಗುತ್ತಿತ್ತು. ಬಡಿದಾದ ಮೇಲೆ ಅಜ್ಜ ಒಂದು ತಂಬಿಗೆ ನೀರು ತಂದು ತುಳಸಿಕಟ್ಟೆಯ ಬುಡದಲ್ಲಿ ಹೊಯ್ಯುವರು. ನೀರು ಯಾವ ಕಡೆ ಹೋಗುತ್ತದೆ ಎಂದು ಕುಕ್ಕುರುಗಾಲಲ್ಲಿ ಕೂತು ನೋಡುವರು. ಮನೆಯ ಕಡೆ ಒಂದು ಬೆರಳು ತಿರುಗಿದರೂ ಮತ್ತೆ ಮಣ್ಣು, ಮತ್ತೆ ಬಡಿತ. ಅವರ ಬಳಿ ಮಟ್ಟಗೋಲು ಇರಲಿಲ್ಲ. ಆ ತಂಬಿಗೆಯೇ ಅವರ ನಕ್ಷೆ. ಕೊನೆಗೆ ಸೆಗಣಿಗೆ ಗೆರಟೆಯ ಕರಿ ಕಲಸಿ, ಅಡಿಕೆ ಹಾಳೆಯ ತುಂಡಿನಿಂದ ಅಜ್ಜಿ ಸಾರಿಸುತ್ತಿದ್ದರು. ಕೈ ಬೀಸಿದಷ್ಟಗಲಕ್ಕೆ ಬೀಸಣಿಗೆಯಂಥ ಗುರುತು, ಅದರ ಮೇಲೆ ಇನ್ನೊಂದು, ಮತ್ತೊಂದು. ಹಿಂದಕ್ಕೆ ನಡೆಯುತ್ತ ಬಂದು ಕೊನೆಯ ಬೀಸು ಜಗಲಿಯ ಮೆಟ್ಟಲಿಗೆ ಮುಟ್ಟಿದಾಗ ಒಂದು ಹೆಜ್ಜೆ ಗುರುತೂ ಇಲ್ಲದ ಕಪ್ಪು ಅಂಗಳ ಹೊಳೆಯುತ್ತಿರುತ್ತಿತ್ತು. ದೀಪಾವಳಿಗೆ ಅದರ ಮೇಲೆ ಶೇಡಿಯ ಬಿಳಿ ಗೆರೆ ಮೂಡುತ್ತಿತ್ತು, ಹಾಲೆ ಮರದ ಬಲೀಂದ್ರ ನಿಲ್ಲುತ್ತಿದ್ದ, ಹಣತೆ ಉರಿಯುತ್ತಿತ್ತು. ವರ್ಷಕ್ಕೊಮ್ಮೆ ಭೂಮಿ ನೋಡಲು ಬರುವ ಬಲಿಗೆ ನಾವು ಮೊದಲು ತೋರಿಸುತ್ತಿದ್ದದ್ದು ಈ ಅಂಗಳವನ್ನು.

ಬೆಂಕಿ ಎಲ್ಲಿರಬೇಕು ಎಂಬುದಕ್ಕೂ ಒಂದು ವಿದ್ಯೆ ಇತ್ತು. ಬಚ್ಚಲು ಮನೆಯಿಂದ ಬೇರೆ. ಗೇರುಬೀಜ ಸುಡುವುದಾದರೆ ಇನ್ನೂ ದೂರ, ಏಕೆಂದರೆ ಅದರ ಎಣ್ಣೆ ಸಿಡಿದರೆ ಚರ್ಮ ಸುಟ್ಟೇಹೋಗುತ್ತದೆ, ಹೊಗೆಯೂ ಕೆಟ್ಟದು. ಜಂಬರದ ಅಡಿಗೆಗೆ ಒಲೆ ಹೂಡುವ ಮುಂಚೆ ನಮ್ಮೂರ ಹಿರಿಯರೊಬ್ಬರು ಒಣಗರಿಯೊಂದಕ್ಕೆ ಕಿಡಿ ತಾಗಿಸಿ ಹಿಡಿದು ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಬೆಳಗ್ಗೆ ಗಾಳಿ ಘಟ್ಟದಿಂದ ಇಳಿಯುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ಹತ್ತುತ್ತದೆ. ಊಟ ಯಾವ ಹೊತ್ತಿಗೆ, ಪಂಕ್ತಿ ಎಲ್ಲಿ, ಆಗ ಹೊಗೆ ಎತ್ತ ಹೋಗುತ್ತದೆ ಎಂದು ಆ ಒಂದು ಎಳೆ ಹೊಗೆಯಿಂದ ಓದಿ, ನೆಲದಲ್ಲಿ ಕೋಲಿನಿಂದ ಗೆರೆ ಎಳೆಯುವರು. ನೆತ್ತಿಯ ಮೇಲೆ ಇಷ್ಟು ದೊಡ್ಡ ಕಡಲೂ ಬೆಟ್ಟವೂ ಉಸಿರಾಡುತ್ತಿವೆ ಎಂದು ನಾನು ತಿಳಿದದ್ದು ಭೂಗೋಳದ ಪುಸ್ತಕದಿಂದಲ್ಲ, ಅವರ ಕೈಯ ಗರಿಯಿಂದ.

ಇನ್ನೊಂದು ನೋಟವಿದೆ. ಏಪ್ರಿಲ್ 24ರ ಆಸುಪಾಸಿನಲ್ಲಿ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಅಂಗಳದಲ್ಲಿ ಕಂಬ ನಿಲ್ಲಿಸಿ ನೋಡಿ. ನೆರಳು ಇರುವುದಿಲ್ಲ. ಸೂರ್ಯ ನೇರ ನೆತ್ತಿಗೆ ಬಂದು, ಕಂಬ ತನ್ನ ನೆರಳನ್ನು ತಾನೇ ತುಳಿದುಕೊಂಡು ನಿಂತಿರುತ್ತದೆ. ಆಗಸ್ಟ್ 18ರ ಸುಮಾರಿಗೆ ಇದು ಮತ್ತೊಮ್ಮೆ ಆಗುತ್ತದೆ, ಆದರೆ ಆಗ ಮೋಡದ ಮರೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿ ನೆರಳುಗಳೆಲ್ಲ ಬಡಗಣಕ್ಕೆ ಚಾಚುತ್ತವೆ. ಮನೆಯ ನೆರಳು ಬೀಳದ ಕಡೆ ಅಡಿಕೆ ಹರಡಬೇಕಾದವರು ಇದನ್ನು ಅಂಗಾಲಿನಲ್ಲಿ ಕಲಿತಿರುತ್ತಾರೆ. ಪೂರ್ವಕ್ಕೆ ಮುಖ ಮಾಡಿದ ಮನೆಯ ಮುಂದೆ ಸಂಜೆ ನಾಲ್ಕಕ್ಕೆ ಮನೆಯದೇ ನೆರಳು ಇಳಿಯುತ್ತದೆ. ನಾವು ಆಟಕ್ಕೆ ಇಳಿಯುತ್ತಿದ್ದದ್ದೂ ಆಗಲೇ. ಅಥೆನ್ಸ್ ಇರುವುದು 38 ಡಿಗ್ರಿ ಉತ್ತರದಲ್ಲಿ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ, ಯಾವ ಕಂಬವೂ ನೆರಳು ಕಳೆದುಕೊಳ್ಳುವುದಿಲ್ಲ. ಅಲ್ಲಿಯ ಚಪ್ಪರವನ್ನು ಹಾಗೇ ಎತ್ತಿ ತಂದು ಇಲ್ಲಿ ನೆಟ್ಟರೆ ಅದರ ನೆರಳು ಬೇರೆ ಕಡೆ ಬೀಳುತ್ತದೆ ಎಂದು ತಂಗಿಗೆ ಹೇಳಬೇಕಾಯಿತು.

ನಿವೇಶನ ನೋಡಿ ಬರೋಣವೆಂದು ಇಬ್ಬರೂ ಹೊರಟೆವು. ಮಡಂತ್ಯಾರಿನ ಕೆಲಸ ಮುಗಿದರೂ ಮನಸ್ಸು ಮನೆಗೆ ತಿರುಗಲಿಲ್ಲ. ಗುರುವಾಯನಕೆರೆಯಲ್ಲಿ ಎಡಕ್ಕೆ ಹೊರಳಿ ವೇಣೂರಿಗೆ ಹೋದೆವು. 1604ರಲ್ಲಿ ಅರಸ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟ ಅಲ್ಲಿ ಫಲ್ಗುಣಿಯ ದಡದಲ್ಲಿದ್ದಾನೆ. ಎಷ್ಟೋ ಸಲ ನೋಡಿದವನೇ. ಆದರೆ ಅವನು ನಿಂತಿರುವುದು ಒಂದು ಅಂಗಳದಲ್ಲಿ ಎಂದು ಅಂದು ಕಂಡಿತು. ಸುತ್ತ ಗೋಡೆ, ಮೇಲೆ ಬರೀ ಆಕಾಶ. ಈ ಸೀಮೆಯ ಮಳೆಗೆ ಮನೆಗಳೆಲ್ಲ ಮಾಡು ತಗ್ಗಿಸಿ ಕೂತಿರುವಾಗ ಅವನೊಬ್ಬ ನಾನೂರಕ್ಕೂ ಹೆಚ್ಚು ಮಳೆಗಾಲವನ್ನು ನೆತ್ತಿಯ ಮೇಲೆ ಹಾಯಿಸಿಕೊಂಡಿದ್ದಾನೆ. 2024ರ ಮಹಾಮಸ್ತಕಾಭಿಷೇಕದಲ್ಲಿ ಅವನ ಮೇಲೆ ಎಳನೀರು, ಕಬ್ಬಿನ ಹಾಲು, ಹಸುವಿನ ಹಾಲು, ಅಕ್ಕಿಹಿಟ್ಟು, ಅರಸಿನ ಸುರಿದಿತ್ತು. ಎಲ್ಲವೂ ನಮ್ಮ ಅಡಿಗೆಮನೆಯಲ್ಲಿರುವವೇ. ಬಯಲಿನಲ್ಲಿ, ಬೆಳಕಿನಲ್ಲಿ, ಅವು ಬೇರೆಯೇ ಬಣ್ಣ ತಾಳಿ ಇಳಿಯುತ್ತಿದ್ದವು.

ಮೂಡುಬಿದಿರೆ ತಲಪುವಾಗ ಬಿಸಿಲು ಇಳಿದಿತ್ತು. 1430ರ ಸಾವಿರ ಕಂಬದ ಬಸದಿಯ ಎದುರು ಕೂತೆವು. ಕಂಬಗಳು ಕಲ್ಲಿನವು, ಆದರೆ ಮೇಲಿನ ಮಾಡು ನಮ್ಮ ಮನೆಗಳ ಹಾಗೆ ಇಳಿಜಾರು. ದೇವರ ಮನೆಗೂ ಮನುಷ್ಯರ ಮನೆಗೂ ಮಳೆ ಹೇಳಿದ ಮಾತು ಒಂದೇ. ಈ ಊರ ಜೈನ ಮನೆಗಳಲ್ಲಿ ವ್ರತ ಪಾಲಿಸುವವರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ಹಗಲು ಇರುವಷ್ಟೇ ಹೊತ್ತು ಅಡಿಗೆ. ಅಲ್ಲೂ ಒಲೆಯ ಹೊತ್ತು ಗೊತ್ತುಮಾಡುವವನು ಸೂರ್ಯನೇ.

ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ವೇಣೂರು, ಮೂಡುಬಿದಿರೆಗಳನ್ನು ಹಾದುಹೋದವನು. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನೂ ಅವನೇ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಕಡಿದು ತೆಗೆದು ಹೊರಗಿಟ್ಟ ಮೇಲೆ ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ನಮ್ಮ ಗೋಡೆಯನ್ನೂ ಸೂರ್ಯನೇ ಬೇಯಿಸಿದ್ದು ಎನ್ನಬೇಕು. ಅದಕ್ಕೊಂದು ಹೆಸರು ಮೆಡಿಟರೇನಿಯನ್ ತೀರದಿಂದ ಬಂದು ಕೂತಿತು.

ಆ ತೀರದ ಕತೆಯನ್ನೂ ಕೇಳಬೇಕು. ತಂಗಿಯ ಚಿತ್ರಗಳು ನನ್ನನ್ನು ಅದರ ಹಿಂದೆ ಬೀಳುವಂತೆ ಮಾಡಿದವು. ಗ್ರೀಸಿನ ಹಳ್ಳಿಮನೆಗೆ ‘ಅವ್ಲಿ’ ಎಂಬ ಅಂಗಳವಿದೆ. ಊರ ಹೊರಗೆ ಗಾಳಿ ಬೀಸುವ ದಿಬ್ಬದಲ್ಲಿ ಕಲ್ಲು ಹಾಸಿದ ದುಂಡನೆಯ ಕಣವಿದೆ, ಅದಕ್ಕೆ ‘ಅಲೋನಿ’ ಎನ್ನುತ್ತಾರೆ. ಅಂಜೂರ, ದ್ರಾಕ್ಷಿ, ಟೊಮೆಟೊ ಅವರಲ್ಲೂ ಬಿಸಿಲಿಗೆ ಹರಡುತ್ತಾರೆ. ಆದರೆ ಅವರ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ, ಅದೂ ಅಥೆನ್ಸಿನಲ್ಲಿ ವರ್ಷಕ್ಕೆ 400 ಮಿಲಿಮೀಟರ್ ಆಸುಪಾಸು, ನಮ್ಮದರ ಹತ್ತರಲ್ಲೊಂದು ಪಾಲು. ನಾವು ಜೂನಿನಲ್ಲಿ ಚಾಪೆ ಸುತ್ತಿ ಒಳಗೆ ಬರುವಾಗ ಅವರು ಒಲೆಯನ್ನು ಹೊರಗೆ ತರುತ್ತಾರೆ. ಅವರು ಮಳೆಗೆ ಒಳಸೇರುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಹಲಗೆ ಬಡಿಯುವ ಸದ್ದು. ಎರಡು ಮನೆಗಳ ನಡುವೆ ಸೂರ್ಯ ಹೋಗಿ ಬಂದು ಅಡಿಗೆ ಮಾಡುತ್ತಿದ್ದಾನೆ.

ಹಳೆಯ ಗ್ರೀಕಿನಲ್ಲಿ ಕಣಕ್ಕೆ ‘ಹಾಲೋಸ್’ ಎಂಬ ಪದವಿತ್ತು. ಸೂರ್ಯಚಂದ್ರರ ಬಿಂಬಕ್ಕೂ ಅದೇ ಪದ. ಸಂತರ ತಲೆಯ ಸುತ್ತ ಚಿತ್ರಿಸುವ ಪ್ರಭೆಗೆ ಇಂಗ್ಲಿಷಿನಲ್ಲಿ ಹೇಳುವ ‘ಹೇಲೋ’ ಹುಟ್ಟಿದ್ದು ಅದರಿಂದ. ನಮ್ಮ ನೆರೆಯ ಮರಾಠಿಯಲ್ಲಿ ‘ಖಳೆ’ ಎಂದರೆ ಕಣ, ಚಂದ್ರನ ಸುತ್ತ ಕಾಣುವ ಉಂಗುರಕ್ಕೂ ‘ಖಳೆ’ ಎನ್ನುತ್ತಾರೆ. ಒಬ್ಬರನ್ನೊಬ್ಬರು ಕಂಡಿರದ ಎರಡು ಸೀಮೆಯ ರೈತರು ರಾತ್ರಿ ಭತ್ತವನ್ನೋ ಗೋಧಿಯನ್ನೋ ಕಾಯುತ್ತ ಮಲಗಿ ಮೇಲೆ ನೋಡಿರಬೇಕು. ಚಂದ್ರನೂ ಒಂದು ಕಣ ಮಾಡಿಕೊಂಡಿದ್ದಾನೆ ಎಂದು ಇಬ್ಬರಿಗೂ ಅನಿಸಿರಬೇಕು. ಪ್ರಭಾವಳಿಯ ಬೇರು ಸೆಗಣಿ ಸಾರಿಸಿದ ನೆಲದಲ್ಲಿದೆ ಎಂದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಳವನ್ನು ಹೀಗೆ ಹೊಗಳುವಾಗ ಒಂದು ಮಾತನ್ನು ನುಂಗಿಕೊಳ್ಳಲಾರೆ. ನೆಟ್ಟು, ಕೊಯ್ದು, ಪಡಿಮಂಚದಲ್ಲಿ ಭತ್ತ ಬಡಿದವರಲ್ಲಿ ಅಂಗಳದಿಂದ ಮೇಲಕ್ಕೆ, ಜಗಲಿಗೆ ಕಾಲಿಡಲಾಗದವರಿದ್ದರು. ಅವರಿಗೆ ಗಂಜಿ ಬಡಿಸುತ್ತಿದ್ದದ್ದು ಅಂಗಳದ ಅಂಚಿನಲ್ಲಿ, ಕೆಲವರಿಗೆ ಅದಕ್ಕೂ ಆಚೆ. 42 ಸೇರಿನ ಅಕ್ಕಿಮುಡಿ ಕಟ್ಟಿದ ಕೈಗಳು ಅವು. ಜಗಲಿಯ ಆ ಮೂರು ಮೆಟ್ಟಲು ಎಷ್ಟು ಎತ್ತರವಿತ್ತು ಎಂದು ಮೇಲೆ ಕೂತ ನಮಗೆ ಗೊತ್ತಾಗಲಿಲ್ಲ. 1974ರ ಭೂಸುಧಾರಣೆಯ ನಂತರ ನಮ್ಮ ತಾಲೂಕುಗಳಲ್ಲಿ ಎಷ್ಟೋ ಗೇಣಿದಾರರು ತಮ್ಮದೇ ನೆಲದಲ್ಲಿ ಅಂಗಳ ಬಡಿದರು. ಅದೇ ವರ್ಷ ಜುಲೈಯಲ್ಲಿ ನೇತ್ರಾವತಿ ಉಕ್ಕಿ, 1923ರ ನೆರೆಯನ್ನು ಕಂಡಿದ್ದ ಬಂಟ್ವಾಳ ಪೇಟೆಯಲ್ಲಿ ಮತ್ತೆ ಜಗಲಿಯೂ ಅಂಗಳವೂ ಒಂದೇ ನೀರಿನಡಿ ಹೋದವು.

ಈಗ ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ನಮ್ಮ ಮನೆಗೂ ಒಂದು ಭಾಗಕ್ಕೆ ಹಾಕಿಸಿದೆವು. ಮಧ್ಯಾಹ್ನ ಕಾಲಿಡಲಾಗದು, ಮಳೆನೀರು ಇಂಗದೆ ಬಾವಿಯ ಕಡೆ ಸುಳಿಯದೆ ರಸ್ತೆಗೆ ಓಡುತ್ತದೆ. ತಾರಸಿ ಸೋರುತ್ತದೆಂದು ಎಷ್ಟೋ ಜನ ಅದರ ಮೇಲೆ ಶೀಟಿನ ಮಾಡು ಹಾಕಿಸಿದ್ದಾರೆ. ಆ ಶೀಟಿನ ಅಡಿಯಲ್ಲೇ ಬಟ್ಟೆ, ಜಂಬರದ ಪಂಕ್ತಿ. ಅಡಿಕೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಸೋಲಾರ್ ಗೂಡು. ನಡು ಬಗ್ಗಿಸಿ ಸಂಜೆಯೆಲ್ಲ ಅಡಿಕೆ ರಾಶಿ ಮಾಡಿದವರು ಅದನ್ನು ಬೇಡವೆನ್ನಲಾರರು, ನಾನೂ ಅನ್ನುವುದಿಲ್ಲ. ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಹೋದಾಗ ಹಳೆಯ ಪಾತ್ರೆ, ಪಡಿ, ಸೇರುಗಳ ಮುಂದೆ ತುಂಬ ಹೊತ್ತು ನಿಂತಿದ್ದೆ. ಎಲ್ಲವನ್ನೂ ಕೈಯಿಂದ ಎತ್ತಿ ತಂದು ಇಟ್ಟಿದ್ದಾರೆ. ಅಂಗಳವನ್ನು ಎತ್ತಿ ತರಲು ಮಾತ್ರ ಯಾರಿಂದಲೂ ಆಗದು. ಅದರ ಸಾಮಾನು ಮಣ್ಣು, ಸೆಗಣಿ, ಬಿಸಿಲು, ಮತ್ತು ಮೇಲಿನ ಆಕಾಶ.

ಹೋದ ಭಾನುವಾರ ಮತ್ತೆ ಮಡಂತ್ಯಾರಿಗೆ ಹೋಗಿದ್ದೆ. ತಂಗಿ ನಕ್ಷೆಯಲ್ಲಿ ಹೊರಗಿನ ಒಲೆಯನ್ನು ಉಳಿಸಿಕೊಂಡಿದ್ದಾಳೆ, ಆದರೆ ಈಶಾನ್ಯದಿಂದ ಎತ್ತಿ ಆಗ್ನೇಯಕ್ಕೆ ಸರಿಸಿದ್ದಾಳೆ. ಮೇಲೆ ಹಂಚಿನ ಮಾಡು, ಮುಂದಕ್ಕೆ ಒಂದು ಕೋಲು ಹೆಚ್ಚು ಇಳಿಸಿದ್ದು. ದ್ರಾಕ್ಷಿಯ ಜಾಗಕ್ಕೆ ಬಸಳೆಯ ಚಪ್ಪರ. ಎದುರು ಮೂವತ್ತಡಿ ಉದ್ದಗಲಕ್ಕೆ ಏನನ್ನೂ ಬರೆಯದೆ ಬಿಟ್ಟಿದ್ದಾಳೆ. ಇಂಜಿನಿಯರರು ಅಲ್ಲಿ ಏನು ಎಂದು ಕೇಳಿದರಂತೆ. “ಅಂಗಳ” ಎಂದಳಂತೆ.

ನೆಲ ಸಮ ಮಾಡಿ ಆಗಿತ್ತು. ಅವಳ ಮಗಳು ಪಕ್ಕದ ಮನೆಯಿಂದ ಒಂದು ತಂಬಿಗೆ ನೀರು ತಂದಳು. ನಡುವಿಗೆ ಹೋಗಿ ಹೊಯ್ದೆ. ಕೆಂಪು ಮಣ್ಣಿನ ಮೇಲೆ ನೀರು ಸ್ವಲ್ಪ ಹೊತ್ತು ನಿಂತಿತು, ಒಳಗೊಂದು ಮೋಡ ಕಂಡಿತು. ಮೂವರೂ ಕುಕ್ಕುರುಗಾಲಲ್ಲಿ ಕೂತೆವು. ಅಂಚಿನಲ್ಲಿ ಒಂದು ಹನಿ ಉಬ್ಬಿತು, ದಾರಿ ಹುಡುಕಿತು, ಆಮೇಲೆ ನಿಧಾನವಾಗಿ ಹಲಸಿನ ಮರದ ಕಡೆಗೆ ಹೊರಟಿತು.